ತಪ್ಪಿಗೆಂದು ಬಿಟ್ಟ ಒಂದು ಗಜ

ಯಾರ ಮನೆಗೆ ಹೋಗಲಿ, ಎಷ್ಟೇ ಆತ್ಮೀಯರು ಕರೆದಿರಲಿ, ಗಾಜಕ್ಕ ಮೊದಲು ಬಾಗಿಲ ಹೊರಗೇ ನಿಂತು, ಜೇಬಿನಿಂದ ಅಂಟುಟೇಪಿನ ಉರುಳೆಯನ್ನು ತೆಗೆದು, ಗೇಣುದ್ದ ಹರಿದು, ಅದರ ಅಂಟಿನ ಬದಿಯಿಂದ ತನ್ನ ತೋಳು, ಎದೆ, ಮಡಿಲನ್ನೆಲ್ಲ ಮೆಲ್ಲಗೆ ತಟ್ಟಿಕೊಂಡು, ಬಳಸಿದ ತುಂಡನ್ನು ನಾಲ್ಕಾಗಿ ಮಡಚಿ ಪುಟ್ಟ ಡಬ್ಬಿಯೊಂದರಲ್ಲಿ ಹಾಕಿ ಮುಚ್ಚಿದ ಮೇಲೆಯೇ ಒಳಗೆ ಕಾಲಿಡುತ್ತಾಳೆ. ಹೊಸಬರು ಇದೇನೋ ಶುಚಿತ್ವದ ಗೀಳು ಎಂದುಕೊಳ್ಳುತ್ತಾರೆ. ತಮ್ಮ ಕುರ್ಚಿಯ ಮೇಲೆ ಈಕೆಗೆ ನಂಬಿಕೆಯಿಲ್ಲವೆಂದು ಮುನಿಸಿಕೊಂಡವರೂ ಉಂಟು. ಆಕೆಗೆ ನಂಬಿಕೆಯಿಲ್ಲದಿರುವುದು ತನ್ನ ಕೋಟಿನ ಮೇಲೆ. ಬೀದಿಯ ಅಡಿಯಲ್ಲಿ ಹೂತಿಟ್ಟ ಕೇಬಲ್ಲುಗಳೊಳಗೆ ಕೂದಲಿಗಿಂತ ಹೆಚ್ಚೇನೂ ದಪ್ಪವಿಲ್ಲದ ಗಾಜಿನ ಎಳೆಗಳಿರುತ್ತವೆ. ಊರಿನ ಮಾತು, ಪತ್ರ, ಚಿತ್ರ ಎಲ್ಲವೂ ಅವುಗಳಲ್ಲಿ ಬೆಳಕಾಗಿ ಹರಿಯುತ್ತವೆ. ಆ ಎಳೆಗೆ ಎಳೆ ಬೆಸೆಯುವುದು ಇಪ್ಪತ್ತಾರು ವರ್ಷಗಳಿಂದ ಆಕೆಯ ಉದ್ಯೋಗ. ಬೆಸೆಯುವಾಗ ಕತ್ತರಿಸಿ ಉಳಿದ ಚೂರು ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಹೊಕ್ಕರೆ ಹುಡುಕಿದರೂ ಸಿಗುವುದಿಲ್ಲ. ತನ್ನ ಕಸುಬಿನ ಮುಳ್ಳು ಇನ್ನೊಬ್ಬರ ಮನೆಯ ಮಗುವಿನ ಮಂಡಿಗೆ ಚುಚ್ಚಬಾರದು ಎಂಬುದಷ್ಟೇ ಆ ಟೇಪಿನ ತಾತ್ಪರ್ಯ. ಹೆತ್ತವರಿಟ್ಟ ಹೆಸರು ಸಂಬಳದ ಪುಸ್ತಕದಲ್ಲಿದೆ. ಉಳಿದೆಲ್ಲ ಕಡೆ ಆಕೆ ಗಾಜಕ್ಕನೇ.

ಆಕೆಯ ನಡಿಗೆಯನ್ನು ಬೀದಿಯ ಆ ತುದಿಯಿಂದಲೇ ಗುರುತಿಸಬಹುದು. ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ತಲೆ ತಗ್ಗಿಸಿ, ಬಿದ್ದ ನಾಣ್ಯ ಹುಡುಕುವವಳಂತೆ ನೆಲ ನೋಡುತ್ತ ಬರುತ್ತಾಳೆ. ಕೇಬಲ್ ಗುಂಡಿಯ ಕಬ್ಬಿಣದ ಮುಚ್ಚಳ ಎದುರಾದರೆ ಸುತ್ತಿಕೊಂಡು ಹೋಗುವುದಿಲ್ಲ, ನಿಂತು, ಒಂದು ಕ್ಷಣ ಅಂಗಾಲಿನ ಭಾರವನ್ನು ಅದರ ಮೇಲಿಟ್ಟು ಮುಂದೆ ಸಾಗುತ್ತಾಳೆ. ಆ ಕ್ಷಣದಲ್ಲಿ ಆಕೆಯ ಮನಸ್ಸು ಎಲ್ಲಿರುತ್ತದೆಂದು ಆಕೆಗೇ ಸರಿಯಾಗಿ ಹೇಳಲು ಬಾರದು. ಇಲ್ಲೇ ಕಾಲ ಕೆಳಗೆ ಯಾರೋ ಯಾರನ್ನೋ ಊಟ ಆಯಿತೇ ಎಂದು ಕೇಳುತ್ತಿರಬಹುದು, ಯಾರೋ ಕ್ಷಮೆ ಬೇಡುತ್ತಿರಬಹುದು, ಒಂದು ಹೆರಿಗೆಯ ಸುದ್ದಿ ಈಗಷ್ಟೇ ತನ್ನ ಬೆರಳು ಬೆಸೆದ ಗಂಟನ್ನು ಸದ್ದಿಲ್ಲದೆ ದಾಟಿ ಹೋಗಿರಬಹುದು ಎಂಬ ನೆನಪು ಅರೆನಿದ್ರೆಯಲ್ಲಿ ಕೇಳುವ ಮಾತಿನಂತೆ ಬಂದು ಹೋಗುತ್ತದೆ. ಮೈಮೇಲಿನ ಕಡುನೀಲಿ ಕೋಟು ಕೆಲಸಕ್ಕೆ ಸೇರಿದ ದಿನ ಕೊಟ್ಟದ್ದು, ಗಂಡಸಿನ ಅಳತೆಯದು, ಏಕೆಂದರೆ ಆಗ ಉಗ್ರಾಣದಲ್ಲಿ ಬೇರೆ ಅಳತೆಯೇ ಇರಲಿಲ್ಲ. ತೋಳನ್ನು ಮೂರು ಮಡಿಕೆ ಮಡಚಿ ತೊಟ್ಟಳು. ಅಳತೆಯ ಕೋಟು ಬರುವ ಹೊತ್ತಿಗೆ ಮಡಿಕೆಯೇ ಅಭ್ಯಾಸವಾಗಿಬಿಟ್ಟಿತ್ತು.

ಮಾತು ಕಡಿಮೆ. ಇದ್ದ ಮಾತಿನಲ್ಲೂ ಅರ್ಧಪಾಲು ಒಂದೇ ಪ್ರಶ್ನೆ: "ಬೆಳಕು ಬಂತಾ?" ಕೆಲಸದಲ್ಲಿ ಅದು ನಿತ್ಯದ ಮಾತು, ಈ ತುದಿಯಲ್ಲಿ ಬೆಸೆದ ಮೇಲೆ, ಮೈಲುಗಳಾಚೆ ಕೇಬಲ್ಲಿನ ಇನ್ನೊಂದು ತುದಿಯಲ್ಲಿ ಕೂತ ಸಹೋದ್ಯೋಗಿಯನ್ನು ಫೋನಿನಲ್ಲಿ ಹಾಗೆ ಕೇಳಬೇಕು. ಹತ್ತೊಂಬತ್ತು ವರ್ಷಗಳಿಂದ ದಿನವೂ ಮಾತಾಡುವ ಆ ಮನುಷ್ಯನನ್ನು ಆಕೆ ಕಣ್ಣಾರೆ ಕಂಡದ್ದು ಎರಡೇ ಸಲ, ಹೀಗಾಗಿ ಅವನಿಗೆ 'ಆಚೆ ತುದಿ' ಎಂದೇ ಹೆಸರು. ಆದರೆ ಗಾಜಕ್ಕ ಮನೆಯಲ್ಲೂ ಅದನ್ನೇ ಕೇಳುತ್ತಾಳೆ. ವಿಷಯವೊಂದನ್ನು ವಿವರಿಸಿ ಮುಗಿಸಿದರೂ ಬೆಳಕು ಬಂತಾ, ಒಲೆ ಹತ್ತಿತೇ ಎನ್ನುವುದಕ್ಕೂ ಬೆಳಕು ಬಂತಾ. ಗ್ರಂಥಾಲಯದಲ್ಲಿ ಗುಮಾಸ್ತನಾಗಿರುವ ಗಂಡ ಪುಸ್ತಕದಿಂದ ತಲೆಯೆತ್ತದೆ, "ಬಂತು ಮಾರಾಯ್ತಿ, ಸ್ವಲ್ಪ ಮಂಕಾಗಿದೆ," ಎನ್ನುತ್ತಾನೆ. ಕಿಟಕಿಯ ಬಳಿ ಕೂತ ಅತ್ತೆ ಮಾತ್ರ, ಎಂಬತ್ತರ ಮೇಲೆ ಮೂರಾದರೂ, ಸೊಸೆಯ ಕಸುಬಿನ ಬಗ್ಗೆ ಕುತೂಹಲ ಕಳೆದುಕೊಂಡಿಲ್ಲ. ರಸ್ತೆಯ ಕಡೆ ಕೈ ತೋರಿ, "ಈಗ ಅಲ್ಲಿ ಯಾರು ಮಾತಾಡ್ತಿದಾರೆ ಹೇಳು," ಎಂದು ಕೇಳುತ್ತಾಳೆ. ಸೊಸೆ ಒಂದೊಂದು ದಿನ ಒಂದೊಂದು ಕತೆ ಕಟ್ಟಿ ಹೇಳುತ್ತಾಳೆ. ಸುಳ್ಳೆಂದು ಇಬ್ಬರಿಗೂ ಗೊತ್ತು.

ಇಷ್ಟೆಲ್ಲ ನೆಮ್ಮದಿಯ ಒಳಗೆ ಆಕೆಯನ್ನು ಕೊರೆಯುತ್ತಿದ್ದ ಸಂಗತಿ ಒಂದಿತ್ತು. ಕೇಬಲ್ ಕೆಲಸದ ತರಬೇತಿ ಶಾಲೆಯಲ್ಲಿ ವರ್ಷಕ್ಕೆ ಹನ್ನೆರಡು ಜಾಗ; ಅದರಲ್ಲೊಂದನ್ನು ಹೈಸ್ಕೂಲು ಮುಗಿಸಿದ ಹುಡುಗಿಗೆ ಮೀಸಲಿಡಬೇಕೆಂದು ಅರ್ಜಿ ಬರೆದು, ಹತ್ತು ಕಚೇರಿಯ ಮೆಟ್ಟಿಲು ಸವೆಸಿ, ಹದಿನಾಲ್ಕು ವರ್ಷಗಳ ಹಿಂದೆ ಗಾಜಕ್ಕನೇ ಅದನ್ನು ಗಿಟ್ಟಿಸಿಕೊಂಡಿದ್ದಳು. ಬೆಟ್ಟ ಅಗೆದು ಇಲಿ ಹಿಡಿದಂತಾಯಿತು. ಮೊದಲ ಹತ್ತು ವರ್ಷಗಳಲ್ಲಿ ಬಂದವರು ಮೂವರು, ಮೂವರೂ ವರ್ಷ ತುಂಬುವ ಮೊದಲೇ ಬಿಟ್ಟುಹೋದರು. ಕಳೆದ ನಾಲ್ಕು ವರ್ಷಗಳಲ್ಲಿ ಅರ್ಜಿಯೇ ಇಲ್ಲ. ಗುಂಡಿಯ ಮೇಲೆ ಎಬ್ಬಿಸುವ ಬಿಳಿಯ ಗುಡಾರದೊಳಗೆ ಆಕೆ ತನ್ನ ಸ್ಟೂಲಿನ ಎದುರು ಇನ್ನೊಂದು ಸ್ಟೂಲನ್ನು ಇಟ್ಟುಕೊಂಡೇ ಕೆಲಸ ಮಾಡುತ್ತಿದ್ದಳು. ಕೆಲವೊಮ್ಮೆ ಗುಡಾರದ ಬಟ್ಟೆಯ ಮೂಲಕ ಸೋಸಿ ಬರುವ ಹಾಲುಬೆಳಕಿನಲ್ಲಿ ಕಣ್ಣು ಮಂಜಾಗಿ, ಅಲ್ಲಿ ಒಬ್ಬಳು ಕೂತಂತೆ, ಎಳೆಯ ಆ ತುದಿಯನ್ನು ಎರಡು ತೆಳುವಾದ ಕೈಗಳು ಹಿಡಿದುಕೊಂಡಂತೆ ಕಾಣುತ್ತಿತ್ತು. ನಿವೃತ್ತಿಗೆ ಇನ್ನೆರಡು ವರ್ಷವಿತ್ತು.

ಆ ವರ್ಷ ತರಬೇತಿ ಶಾಲೆಯ ಅಧಿಕಾರಿ ಆಕೆಯನ್ನು ಕರೆಸಿ, ಕೂರಿಸಿ, ಟೀ ತರಿಸಿಕೊಟ್ಟೇ ಹೇಳಿದ. ಕೆಟ್ಟವನಲ್ಲ.

"ನೋಡಿ ಅಕ್ಕ, ನಾಲ್ಕು ವರ್ಷದಿಂದ ಕುರ್ಚಿ ಖಾಲಿ. ಹೊರಗಡೆ ಹುಡುಗರು ಸಾಲುಗಟ್ಟಿ ನಿಂತಿದಾರೆ. ಈ ಶನಿವಾರ ಸಂಜೆ ಐದರೊಳಗೆ ಒಂದೇ ಒಂದು ಹೆಸರು ಬಂದ್ರೂ ಸರಿ. ಬರ್ಲಿಲ್ಲ ಅಂದ್ರೆ ಈ ಜಾಗ ಎಲ್ಲರ ಪಾಲಿಗೆ ಸೇರಿಹೋಗುತ್ತೆ, ಆಮೇಲೆ ಮತ್ತೆ ಕೇಳಿದ್ರೂ ಬರಲ್ಲ. ನೀವೇ ಒಂದು ಕಾಗದಕ್ಕೆ ಸಹಿ ಹಾಕಬೇಕಾಗುತ್ತೆ."

"ಗುರುವಾರ ಹೆಣ್ಣುಮಕ್ಕಳ ಶಾಲೆಯವರು ಬರ್ತಾರೆ," ಎಂದಳು ಗಾಜಕ್ಕ. "ಅವತ್ತು ನೋಡೋಣ."

ಶಾಲೆಯವರು ಪ್ರತಿವರ್ಷವೂ ಬರುತ್ತಿದ್ದರು. ಗಾಜಕ್ಕ ಆ ದಿನಕ್ಕೆ ತಯಾರಾಗುತ್ತಿದ್ದ ರೀತಿ ನೋಡಿದರೆ ನಗುವೂ ಬರಬೇಕು, ಅಯ್ಯೋ ಎನಿಸಲೂಬೇಕು. ಕಪ್ಪು ಬಟ್ಟೆ ಹಾಸಿದ ಮೇಜಿನ ಮೇಲೆ ಗುರುತಿಗೆಂದು ಹನ್ನೆರಡು ಬಣ್ಣದ ಸಿಪ್ಪೆ ಹೊದಿಸಿದ ಎಳೆಗಳನ್ನು ವೀಣೆಯ ತಂತಿಗಳಂತೆ ನೇರವಾಗಿ ಬಿಗಿಯುತ್ತಿದ್ದಳು; ಹಿಂದಿನ ದಿನವೇ ಮನೆಯಲ್ಲಿ ಹತ್ತಾರು ಸಲ ಅಭ್ಯಾಸ ಮಾಡಿ, ಹುಡುಗಿಯರ ಮುಂದೆ ಒಂದೇ ಉಸಿರಿಗೆ ಸಿಪ್ಪೆ ಸುಲಿದು, ಒರೆಸಿ, ಕತ್ತರಿಸಿ, ಯಂತ್ರದೊಳಗಿಟ್ಟು, ಕಿಡಿ ಮಿಂಚಿಸಿ, ಎರಡು ಎಳೆ ಒಂದಾದ ಗುರುತೇ ಉಳಿಯದಂತೆ ಬೆಸೆದು ತೋರಿಸುತ್ತಿದ್ದಳು. ಬಾಗಿದ ಎಳೆಗೆ ಪರೀಕ್ಷೆಯ ಕೆಂಪು ಬೆಳಕು ಹಾಯಿಸಿದರೆ ಬಳುಕಿನಲ್ಲಿ ಮಾತ್ರ ಅದು ಸೋರಿ ಮಿಣುಕುತ್ತಿತ್ತು. ಹುಡುಗಿಯರು ಬೆರಗಾಗಿ ಚಪ್ಪಾಳೆ ತಟ್ಟಿ, ಸಾಲಾಗಿ ಬಸ್ಸು ಹತ್ತಿ ಹೋಗಿಬಿಡುತ್ತಿದ್ದರು. ಗೋರ್ಕಲ್ಲ ಮೇಲೆ ಮಳೆ ಸುರಿದಂತೆ. ಒಮ್ಮೆ ವಿಜ್ಞಾನದ ಟೀಚರ್ ಮೆಲ್ಲಗೆ ಹೇಳಿದ್ದರು, "ಅಕ್ಕ, ಮಕ್ಕಳು ಏನಂತಾರೆ ಗೊತ್ತಾ? ತುಂಬ ಚೆನ್ನಾಗಿದೆ, ಆದ್ರೆ ಅದಕ್ಕೆ ಅವರಂಥ ಕೈ ಬೇಕು ಅಂತಾರೆ." ಗಾಜಕ್ಕ ಅದನ್ನು ಹೊಗಳಿಕೆಯೆಂದೇ ತಿಳಿದು, ಮುಂದಿನ ವರ್ಷ ಇನ್ನೂ ಹೆಚ್ಚು ಅಭ್ಯಾಸ ಮಾಡಿಕೊಂಡು ಬಂದಳು.

ಆಕೆಯನ್ನು ದೂರಿ ಫಲವಿಲ್ಲ. ಕೆಲಸಕ್ಕೆ ಸೇರಿದ ವರ್ಷ ಮೂವತ್ತೊಂದು ಗಂಡಸರ ನಡುವೆ ಒಬ್ಬಳೇ ಕೆಲಸ ಕಲಿಯಲು ಕೂತಾಗ, ಕಲಿಸಿದ ಹಿರಿಯ ಮೇಸ್ತ್ರಿ ಮೊದಲ ದಿನವೇ ಪಕ್ಕಕ್ಕೆ ಕರೆದು, "ನೋಡಮ್ಮ, ಇವರಲ್ಲೊಬ್ಬ ಕೆಡಿಸಿದ್ರೆ ಅವನಿಗೆ ಕೈ ಕೂಡಿಬಂದಿಲ್ಲ ಅಂತಾರೆ. ನೀನು ಕೆಡಿಸಿದ್ರೆ ಹೆಂಗಸರಿಗೆ ಈ ಕೆಲಸ ಆಗಲ್ಲ ಅಂತಾರೆ. ಹುಷಾರು," ಎಂದಿದ್ದ. ಪ್ರೀತಿಯಿಂದಲೇ ಹೇಳಿದ ಮಾತು. ಅಂದಿನಿಂದ ಆಕೆ ಯಾರೆದುರೂ ತಪ್ಪಲಿಲ್ಲ. ತಪ್ಪಿದ್ದೆಲ್ಲ ಒಬ್ಬಳೇ ಇರುವಾಗ, ಗುಡಾರದ ಬಾಗಿಲು ಕಟ್ಟಿಕೊಂಡು, ಯಾರಿಗೂ ತಿಳಿಯದಂತೆ ತಿದ್ದಿಕೊಂಡದ್ದು.

ಆ ಗುರುವಾರ ಮೋಡ ಕವಿದಿತ್ತು. ಹೊಸದಾಗಿ ಎಳೆದ ಕೇಬಲ್ಲೊಂದನ್ನು ಅಂದೇ ಬೆಸೆಯಬೇಕಿದ್ದರಿಂದ, ಗಾಜಕ್ಕ ಈ ಬಾರಿ ಪ್ರದರ್ಶನಕ್ಕೆಂದು ಬೇರೆ ಎಳೆ ತರದೆ ನಿಜವಾದ ಕೆಲಸವನ್ನೇ ತೋರಿಸಲು ನಿಶ್ಚಯಿಸಿದ್ದಳು. ಬಂದವರು ಇಪ್ಪತ್ತೆರಡು ಹುಡುಗಿಯರು, ಹದಿನೈದು ಹದಿನಾರರ ವಯಸ್ಸು. ಗುಡಾರದೊಳಗೆ ಒಂದು ಸಲಕ್ಕೆ ನಾಲ್ಕೈದು ಜನರಿಗಷ್ಟೇ ಜಾಗ. ನಾಲ್ಕು ತಂಡಗಳು ನೋಡಿ ಹೋಗುವಷ್ಟರಲ್ಲಿ ಆಕೆಯ ಬಿಳಿ ದೀಪದ ಬ್ಯಾಟರಿ ಮುಗಿಯಿತು. ಕೊನೆಯ ತಂಡ ಹೊರಗೆ ಕಾಯುತ್ತಿತ್ತು, ಬಸ್ಸಿನವನು ಹಾರನ್ ಮಾಡುತ್ತಿದ್ದ. ಪಕ್ಕದ ಬೇಕರಿಯಾತ ತನ್ನ ಗಾಜಿನ ಬೀರುವಿನೊಳಗೆ ಉರಿಯುತ್ತಿದ್ದ ದೀಪವನ್ನೇ ಬಿಚ್ಚಿ ಕೊಟ್ಟ. ಹಳದಿ ದೀಪ. ಈ ಕಸುಬಿನಲ್ಲಿ ಕಲಿಸುವ ಮೊದಲ ಪಾಠಗಳಲ್ಲೊಂದು, ಹಳದಿ ಬೆಳಕಿನಲ್ಲಿ ಎಳೆ ಮುಟ್ಟಬೇಡ ಎಂಬುದು. ಆ ಬೆಳಕಿನಲ್ಲಿ ಬಿಳಿಯ ಎಳೆಯೂ ಹಳದಿಯ ಎಳೆಯೂ ಅವಳಿಜವಳಿ. ಗಾಜಕ್ಕನಿಗೆ ಅದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಕಾಯುತ್ತಿದ್ದ ಮುಖಗಳನ್ನು ನಿರಾಶೆಗೊಳಿಸಲು ಮನಸ್ಸಾಗಲಿಲ್ಲ, ಮತ್ತು ಇಪ್ಪತ್ತಾರು ವರ್ಷದ ಕೈ ಎಂಬ ಸಣ್ಣದೊಂದು ಹಮ್ಮು ಕೂಡ ಇತ್ತು.

ಬೆಸೆದಳು. ಎಂದಿನಂತೆ ಸೊಗಸಾಗಿ ಬೆಸೆದಳು. ಹುಡುಗಿಯರು ಕೇಳಲೆಂದು ಫೋನಿನ ಸ್ಪೀಕರ್ ಹಾಕಿ ಕೇಳಿದಳು: "ಬೆಳಕು ಬಂತಾ?"

ಆಚೆ ತುದಿಯ ದನಿ ಸ್ಪೀಕರಿನಲ್ಲಿ ಕೇಳಿಬಂತು.

"ಬಂತು ಅಕ್ಕ. ಆದ್ರೆ ಬಿಳೀಲಿ ಬರಬೇಕಾದ್ದು ಹಳದೀಲಿ ಬಂದಿದೆ. ಹಳದೀದು ಬಿಳೀಲಿದೆ. ಇದೇನು, ನಿಮ್ಮ ಕೈಯೇನಾ?"

ಮುಂದೆ ಕೂತಿದ್ದ ಹುಡುಗಿಯರು ಒಬ್ಬರನ್ನೊಬ್ಬರು ನೋಡಿಕೊಂಡರು. ಬಾಗಿಲ ಬಟ್ಟೆಯ ಬಳಿ ನಿಂತಿದ್ದ ಒಬ್ಬಳಂತೂ, ತಪ್ಪು ತಾನೇ ಮಾಡಿದಂತೆ, ಇನ್ನೇನು ಬೈಗುಳ ತನ್ನ ಮೇಲೇ ಬೀಳುತ್ತದೆಂಬಂತೆ ತಲೆ ತಗ್ಗಿಸಿದಳು. ಅವಳನ್ನು ತರಗತಿಯವರು 'ರಬ್ಬರ್' ಎನ್ನುತ್ತಿದ್ದರು. ಬರೆದುದನ್ನು ಅಳಿಸಿ, ಮತ್ತೆ ಬರೆದು, ಮತ್ತೆ ಅಳಿಸಿ ಅವಳ ಲೆಕ್ಕದ ಪುಸ್ತಕದ ಹಾಳೆಗಳು ತೂತುಬಿದ್ದಿದ್ದವು. ಸರಿಯುತ್ತರ ನಾಲಗೆಯ ತುದಿಯಲ್ಲಿದ್ದರೂ ಕೈ ಎತ್ತಿದವಳಲ್ಲ.

ಗಾಜಕ್ಕ ಬಾಗಿಲ ಕಡೆ ನೋಡಿದಳು. ಬಾಗಿಲು ಕಟ್ಟಿಕೊಳ್ಳೋಣವೆಂದರೆ ಬಾಗಿಲಲ್ಲೇ ಹುಡುಗಿ ನಿಂತಿದ್ದಾಳೆ. "ನನ್ನದೇ ತಪ್ಪು," ಎಂದಳು ಕೊನೆಗೆ. "ದೀಪ ಸರಿ ಇರ್ಲಿಲ್ಲ, ನಾನು ಕಾಯಬೇಕಿತ್ತು. ಕತ್ತರಿಸಿ ಮತ್ತೆ ಹಾಕ್ತೀನಿ." ಅಷ್ಟು ಹೊತ್ತಿಗೆ ಟೀಚರ್ ತಮ್ಮ ಫೋನಿನ ಬಿಳಿ ಬೆಳಕನ್ನು ಹಿಡಿದುಕೊಂಡು ಬಂದರು. ಗಾಜಕ್ಕ ಆಗಷ್ಟೇ ಬೆಸೆದ ಎರಡೂ ಎಳೆಗಳನ್ನು ಕತ್ತರಿಸಿ ಹಾಕಿದಳು.

"ಅಕ್ಕ," ಬಾಗಿಲ ಕಡೆಯಿಂದ ಕೇಳಿಬಂತು, ಕೇಳಿಯೂ ಕೇಳದಂಥ ದನಿ, "ಹೀಗೆ ಕತ್ತರಿಸಿದ್ರೆ ಎಳೆ ಗಿಡ್ಡ ಆಗಿಬಿಡಲ್ವಾ?"

"ಬಾ ಇಲ್ಲಿ." ಗಾಜಕ್ಕ ಬೆಸೆದ ಎಳೆಗಳನ್ನು ಮುಚ್ಚಿಡುವ ಜಾಯಿಂಟ್ ಪೆಟ್ಟಿಗೆಯ ತಟ್ಟೆಯನ್ನು ಮೇಲೆತ್ತಿ ತೋರಿಸಿದಳು. ಅಂಚಿನಲ್ಲಿ, ಮಲಗಿದ ಬೆಕ್ಕಿನ ಹಾಗೆ, ಎಳೆಗಳು ಸುರುಳಿ ಸುತ್ತಿಕೊಂಡಿದ್ದವು. "ಪ್ರತಿ ಎಳೇಲೂ ಒಂದು ಗಜ ಹೆಚ್ಚಿಗೆ ಬಿಟ್ಟಿರ್ತೀವಿ. ಬೆಸೆಯೋಕೆ ಇಷ್ಟು ಬೇಕಿಲ್ಲ."

"ಮತ್ತೆ ಯಾಕೆ?"

"ತಪ್ಪಾಗುತ್ತಲ್ಲ, ಅದಕ್ಕೆ."

ಹುಡುಗಿ ಸುರುಳಿಯನ್ನು ನೋಡಿದಳು. "ಯಾರ ತಪ್ಪಿಗೆ?"

"ಯಾರದಾದ್ರೂ. ಇವತ್ತು ನಂದು. ನಾಳೆ ಈ ಪೆಟ್ಟಿಗೆ ತೆಗೆಯೋರದು. ಒಂದು ಸಲಕ್ಕೆ ಎರಡು ಬೆರಳಷ್ಟು ಹೋಗುತ್ತೆ."

ರಬ್ಬರ್ ಎರಡು ಬೆರಳನ್ನು ತನ್ನ ಮೊಣಕೈಯಿಂದ ಮಣಿಕಟ್ಟಿನವರೆಗೆ ಇಟ್ಟಿಟ್ಟು ಎಣಿಸಿ, ಗಜಕ್ಕೆ ಅಂಥವು ಮೂರೆಂದು ಲೆಕ್ಕ ಹಾಕಿದಳು. "ಹಾಗಾದ್ರೆ ಇಪ್ಪತ್ತು ಸಲ ತಪ್ಪು ಮಾಡಬಹುದು."

"ಮಾಡಬಹುದು. ಅಷ್ಟೂ ನೀನೇ ಮಾಡಿದ್ರೆ ಮಾತ್ರ ಮನೆಗೆ ಕಳಿಸ್ತೀವಿ."

ಹುಡುಗಿ ನಗಲಿಲ್ಲ, ಯೋಚಿಸುತ್ತ ನಿಂತಳು. ಈ ಸಲ ಚಪ್ಪಾಳೆಯೂ ಇರಲಿಲ್ಲ. ಎರಡನೆಯ ಬೆಸುಗೆ ಸರಿಯಾಯಿತು, ಬಸ್ಸು ಹೊರಟುಹೋಯಿತು, ಬೇಕರಿಯಾತ ದೀಪ ಒಯ್ದ.

ಸಂಜೆ ಗಾಜಕ್ಕ ಮನೆಗೆ ಬಂದು ಕೋಟನ್ನೂ ಬಿಚ್ಚದೆ ಅಡುಗೆಮನೆಯ ಮೂಲೆಯಲ್ಲಿ ಕೂತಳು. ಹದಿನಾಲ್ಕು ವರ್ಷ ಕಾಪಾಡಿಕೊಂಡು ಬಂದದ್ದನ್ನು ಬೇಕರಿಯ ದೀಪವೊಂದು ಕೆಡಿಸಿತೆಂಬ ಸಂಕಟ ಆಕೆಯನ್ನು ಬಿಡಲಿಲ್ಲ. ಇಷ್ಟು ವರ್ಷ ನಯವಾಗಿ ತೋರಿಸಿದಾಗಲೇ ಬಾರದವರು, ಇಂದು ನೋಡಿದ ಮೇಲೆ ಬರುತ್ತಾರೆಯೇ? ಜಾಗ ಹೋಯಿತು, ತನ್ನ ಕೈಯಿಂದಲೇ ಹೋಯಿತು.

"ಎಲ್ಲರೆದುರಿಗೆ ತಪ್ಪು ಮಾಡಿದೆ ಅತ್ತೆ," ಎಂದಳು.

ಅತ್ತೆ ಕಿಟಕಿಯಿಂದ ಮುಖ ತಿರುಗಿಸದೆ, "ನಡೆಯೋರು ಎಡವದೆ ಕೂತೋರು ಎಡವ್ತಾರಾ?" ಎಂದಳು. ಆಮೇಲೆ ಎಂದಿನ ಪ್ರಶ್ನೆ ಕೇಳಿದಳು. ಆ ದಿನ ಸೊಸೆಗೆ ಕತೆ ಹೊಳೆಯಲಿಲ್ಲ.

ಶುಕ್ರವಾರ ಕಳೆಯಿತು. ಶನಿವಾರ ಮೂರು ಗಂಟೆಗೇ ಗಾಜಕ್ಕ ತರಬೇತಿ ಶಾಲೆಯ ಕಚೇರಿಗೆ ಹೋಗಿ, ಬಾಗಿಲ ಹೊರಗೆ ಟೇಪಿನಿಂದ ತೋಳು ತಟ್ಟಿಕೊಂಡು, ಒಳಗಿನ ಬೆಂಚಿನ ಮೇಲೆ ಕೂತಳು. ಮೇಜಿನ ಮೇಲೆ ಆಕೆ ಸಹಿ ಹಾಕಬೇಕಾದ ಕಾಗದವನ್ನು ಆಗಲೇ ಟೈಪ್ ಮಾಡಿ ಇಡಲಾಗಿತ್ತು. ಫ್ಯಾನಿನ ಗಾಳಿಗೆ ಅದರ ಒಂದು ಮೂಲೆ ಏಳುತ್ತಿತ್ತು, ಮಲಗುತ್ತಿತ್ತು. ನಾಲ್ಕಾಯಿತು. ಬಿಸಿಲು ಕಿಟಕಿಯ ಸರಳುಗಳ ನೆರಳನ್ನು ನೆಲದ ಮೇಲೆ ನಿಧಾನವಾಗಿ ಎಳೆದುಕೊಂಡು ಹೋಯಿತು. ಆ ನೆರಳನ್ನು ನೋಡುತ್ತ ನೋಡುತ್ತ ಗಾಜಕ್ಕನಿಗೆ ಖಾಲಿ ಸ್ಟೂಲು, ಹಾಲುಬೆಳಕು, ಎಳೆಯ ತುದಿ ಹಿಡಿದ ಕೈಗಳು ಎಲ್ಲವೂ ಒಂದರೊಳಗೊಂದು ಕರಗಿ, ತಾನು ಇಪ್ಪತ್ತಾರು ವರ್ಷ ಮಾಡಿದ ಕೆಲಸವೇ ಯಾರೋ ಹೇಳಿದ ಕನಸಿನಂತೆ ಅನ್ನಿಸಿತು. ಐದಕ್ಕೆ ಹತ್ತು ನಿಮಿಷವಿದ್ದಾಗ ಅಧಿಕಾರಿ ಮೆಲ್ಲಗೆ ಪೆನ್ನಿನ ಮುಚ್ಚಳ ತೆಗೆದು ಆಕೆಯ ಕಡೆ ಚಾಚಿದ.

ಆಗ ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ಹೋಟೆಲೊಂದರಲ್ಲಿ ಹಾಸಿಗೆಯ ಬಟ್ಟೆಗಳಿಗೆ ಇಸ್ತ್ರಿ ಮಾಡುವವಳು. ಕೆಲಸದಿಂದ ನೇರ ಬಂದಿದ್ದಳು, ಮುಂಗೈಯಲ್ಲಿ ಹಳೆಯ ಸುಟ್ಟ ಕಲೆಗಳು. ಅವಳ ಹಿಂದೆ, ಅರ್ಧ ಕಾಣುವಂತೆ, ರಬ್ಬರ್.

"ಆ ಗಾಜಿನ ಕೆಲಸದೋರು ಯಾರು?" ತಾಯಿ ಕೇಳಿದಳು.

ಗಾಜಕ್ಕ ಎದ್ದು ನಿಂತಳು.

"ಇವಳು ಫಾರಂ ತುಂಬಿಟ್ಟಿದಾಳೆ. ಸಹಿ ಹಾಕೋಕೆ ಮುಂಚೆ ಒಂದು ಮಾತು ಕೇಳಬೇಕಿತ್ತು. ಇವಳು ಮೊದಲೇ ಹೆದರುಪುಕ್ಕಲಿ. ಇಲ್ಲಿ ಬಂದು ಏನಾದ್ರೂ ಕೆಡಿಸಿದ್ರೆ ಏನು ಮಾಡ್ತೀರಿ?"

"ಕತ್ತರಿಸಿ ಮತ್ತೆ ಮಾಡು ಅಂತೀವಿ."

"ಬೈತೀರಾ?"

"ಬೈತೀವಿ. ಆಮೇಲೆ ಊಟಕ್ಕೆ ಕರೀತೀವಿ."

ತಾಯಿ ಮಗಳನ್ನು ಕೈಹಿಡಿದು ಮುಂದಕ್ಕೆ ತಂದಳು. "ಗುರುವಾರದಿಂದ ಇವಳದು ಒಂದೇ ಮಾತು. ಬಣ್ಣದ್ದಲ್ಲ, ಮಷೀನಿನದ್ದಲ್ಲ. ಅಮ್ಮಾ, ಅವರು ಎಲ್ಲರ ಮುಂದೆ ತಪ್ಪು ಮಾಡಿದ್ರು, ನಂದೇ ತಪ್ಪು ಅಂದ್ರು, ಮತ್ತೆ ಮಾಡಿದ್ರು, ಏನೂ ಆಗ್ಲಿಲ್ಲ ಅಂತ. ಊಟ ಮಾಡುವಾಗ್ಲೂ ಅದೇ, ಮಲಗುವಾಗ್ಲೂ ಅದೇ." ಅವಳು ಪೆನ್ನಿಗಾಗಿ ಕೈ ಚಾಚಿದಳು. ಅಧಿಕಾರಿ ಗಾಜಕ್ಕನಿಗೆಂದು ತೆಗೆದಿದ್ದ ಪೆನ್ನನ್ನೇ ಅವಳಿಗೆ ಕೊಟ್ಟ.

ಫಾರಮನ್ನು ಹುಡುಗಿ ಪೆನ್ನಿನಲ್ಲಿ ತುಂಬಿದ್ದಳು. ಹುಟ್ಟಿದ ತಾರೀಖು ಮೊದಲು ತಪ್ಪಾಗಿತ್ತು. ಅದರ ಮೇಲೆ ಒಂದೇ ಒಂದು ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದಿದ್ದಳು. ಗಾಜಕ್ಕ ಆ ಗೆರೆಯನ್ನು ನೋಡುತ್ತ ನಿಂತಳು. ಸಂತೋಷವಾಯಿತು, ಹೇಳಲಾರದಷ್ಟು ಸಂತೋಷವಾಯಿತು. ಅದರ ಬೆನ್ನಿಗೇ, ಇಷ್ಟು ವರ್ಷ ರಾತ್ರಿ ಹಗಲು ತಿದ್ದಿ ತೀಡಿದ ಆ ಸೊಗಸೆಲ್ಲ ಯಾರಿಗೂ ಬೇಕಿರಲಿಲ್ಲವಲ್ಲ ಎಂದು ಚಿಕ್ಕದೊಂದು ನೋವೂ ಆಯಿತು. ಎರಡೂ ಸೇರಿ ನಗು ಬಂತು. ಅಧಿಕಾರಿಗೆ ಯಾಕೆಂದು ತಿಳಿಯಲಿಲ್ಲ. ಟೈಪ್ ಮಾಡಿದ ಕಾಗದವನ್ನು ಅವನು ಎರಡಾಗಿ ಹರಿದು ಬುಟ್ಟಿಗೆ ಹಾಕಿದ.

ಹೊಸ ದಾರಿಗೆ ಮೊದಲು ಇಳಿದವರ ಪಾಡು ಇದು. ಅವರಿಗೆ ಎಡವುವ ಅವಕಾಶವನ್ನು ಯಾರೂ ಕೊಟ್ಟಿರುವುದಿಲ್ಲ. ಆದ್ದರಿಂದ ಎಡವದಿರುವುದನ್ನೇ ಸ್ವಭಾವವಾಗಿಸಿಕೊಂಡು, ವರ್ಷವರ್ಷವೂ ತಮ್ಮನ್ನು ತಾವೇ ಉಜ್ಜಿ ಹೊಳೆಸಿಕೊಂಡು, ಆ ಹೊಳಪನ್ನೇ ಕರೆಯೋಲೆಯೆಂದು ನಂಬಿ ಹಿಂದೆ ಬರುವವರ ಮುಂದೆ ಹಿಡಿಯುತ್ತಾರೆ. ಬರುವವರು ಆ ಹೊಳಪಿಗೆ ಬೆರಗಾಗಿ, ಕೈಮುಗಿದು, ಹಿಂತಿರುಗಿ ಹೋಗುತ್ತಾರೆ. ಯಾಕೆ ಹೋದರೆಂದು ಇವರಿಗೆ ತಿಳಿಯುವುದಿಲ್ಲ. ಕೆಲವರಿಗಂತೂ ಬದುಕಿಡೀ ತಿಳಿಯುವುದಿಲ್ಲ. ಪುಣ್ಯವಿದ್ದವರಿಗೆ ಒಂದು ಮಧ್ಯಾಹ್ನ ಕೈ ತಪ್ಪುತ್ತದೆ. ಅಂಥವರು ಮುಂದಿನವರಿಗೆ ಬಿಟ್ಟುಹೋಗಬಲ್ಲ ಎಲ್ಲಕ್ಕಿಂತ ದೊಡ್ಡ ಆಸ್ತಿಯೆಂದರೆ ತಮಗೆ ಎಂದೂ ಸಿಗದೇ ಹೋದ ಒಂದು ಸಲಿಗೆ: ತಪ್ಪು ಮಾಡಿದ ದಿನವೂ ಎಲ್ಲರ ಸಾಲಿನಲ್ಲೇ ಕೂತು ಊಟ ಮಾಡುವ ಸಲಿಗೆ.